1 ಟಿಬಿ ಡಿಸ್ಕ್‌ನಲ್ಲಿ 931 ಜಿಬಿ ಮಾತ್ರ ಯಾಕೆ? ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರು, ಮಂಡ್ಯದ ಫೋಟೋ ಸ್ಟುಡಿಯೋದವರು, ಅಂಗಡಿಗೆ ಸಿಸಿಟಿವಿ ಹಾಕಿಸಿದವರು, ಮಕ್ಕಳ ಕಾಲೇಜಿಗೆಂದು ಲ್ಯಾಪ್‌ಟಾಪ್ ಕೊಂಡವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇವೆ. ಅವಸರದಲ್ಲಿದ್ದರೆ ಮೊದಲ ಎರಡನ್ನು ಓದಿ, ಬಹಳ ಜನರ ಅನುಮಾನ ಅಲ್ಲಿಗೇ ತೀರುತ್ತದೆ. ಅದಕ್ಕೂ ಮೀರಿ ಜಾಗ ಕಾಣೆಯಾಗಿದ್ದರೆ ಕೆಳಗೆ ಹುಡುಕಿ.

1 ಟಿಬಿ ಡಿಸ್ಕ್ ತಗೊಂಡೆ, ಕಂಪ್ಯೂಟರಲ್ಲಿ 931 ಜಿಬಿ ಅಂತ ತೋರಿಸ್ತಿದೆ. ಅಂಗಡಿಯವರು ಮೋಸ ಮಾಡಿದ್ರಾ?

ಇಲ್ಲ. ಡಿಸ್ಕ್‌ನಲ್ಲಿ ಒಂದು ಬೈಟೂ ಕಡಿಮೆ ಇಲ್ಲ. ಡಬ್ಬದ ಮೇಲಿನ ಲೆಕ್ಕ ಬೇರೆ, ವಿಂಡೋಸ್ ಹಾಕುವ ಲೆಕ್ಕ ಬೇರೆ.

ಡಿಸ್ಕ್ ತಯಾರಿಸುವವರಿಗೆ 1 ಜಿಬಿ ಎಂದರೆ 100 ಕೋಟಿ ಬೈಟ್, 1 ಟಿಬಿ ಎಂದರೆ 1 ಲಕ್ಷ ಕೋಟಿ ಬೈಟ್. ವಿಂಡೋಸ್ ಹಾಗೆ ಎಣಿಸುವುದಿಲ್ಲ. ಅದಕ್ಕೆ 1,024 ಬೈಟ್ ಸೇರಿದರೆ 1 ಕೆಬಿ, 1,024 ಕೆಬಿ ಸೇರಿದರೆ 1 ಎಂಬಿ, 1,024 ಎಂಬಿ ಸೇರಿದರೆ 1 ಜಿಬಿ. ಹೀಗೆ ಗುಣಿಸುತ್ತ ಹೋದರೆ ವಿಂಡೋಸಿನ ಒಂದೊಂದು ಜಿಬಿಗೂ 1,07,37,41,824 ಬೈಟ್ ಬೇಕು. 1 ಲಕ್ಷ ಕೋಟಿಯನ್ನು ಈ ಸಂಖ್ಯೆಯಿಂದ ಭಾಗಿಸಿ ನೋಡಿ, 931.32 ಬರುತ್ತದೆ.

ಒಂದು ಹೆಕ್ಟೇರ್ ಗದ್ದೆ ಎಕರೆ ಲೆಕ್ಕದಲ್ಲಿ ಸುಮಾರು 2 ಎಕರೆ 19 ಗುಂಟೆ ಆಗುತ್ತದೆ. ಅದಕ್ಕೆ ಯಾರೂ ಬದು ಒತ್ತಿದ್ದಾರೆ ಎಂದು ಜಗಳ ತೆಗೆಯುವುದಿಲ್ಲ, ಯಾಕೆಂದರೆ ಎರಡು ಅಳತೆಗೂ ಬೇರೆ ಬೇರೆ ಹೆಸರಿದೆ. ಡಿಸ್ಕ್ ವಿಷಯದಲ್ಲಿ ಎರಡು ಅಳತೆಗೂ ಜಿಬಿ ಎಂಬ ಒಂದೇ ಹೆಸರು ಅಂಟಿಕೊಂಡಿದೆ. ಗೊಂದಲಕ್ಕೆ ಅದೇ ಕಾರಣ.

ಮಾತಲ್ಲಿ ಹೇಳೋದು ಬೇಡ, ನನ್ನ ಡಿಸ್ಕ್‌ನಲ್ಲೇ ನೋಡಿ ಖಾತ್ರಿ ಮಾಡ್ಕೋಬಹುದಾ?

ಖಂಡಿತ. ವಿಂಡೋಸ್‌ನಲ್ಲಿ ದಿಸ್ ಪಿಸಿ ತೆರೆಯಿರಿ. ಆ ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ಒತ್ತಿ. ಕೆಪ್ಯಾಸಿಟಿ ಎಂಬ ಸಾಲಿನಲ್ಲಿ ಎರಡು ಸಂಖ್ಯೆ ಇರುತ್ತವೆ: ಬಲಗಡೆ 931 ಜಿಬಿ, ಅದರ ಹಿಂದೆ ಬೈಟ್ ಲೆಕ್ಕದ ಉದ್ದ ಸಂಖ್ಯೆ. ಆ ಉದ್ದ ಸಂಖ್ಯೆಯನ್ನು ನಂಬಿ. ಅದರಲ್ಲಿ 13 ಅಂಕಿ ಇದ್ದರೆ ನಿಮ್ಮ 1 ಟಿಬಿ ಪೂರ್ತಿ ಇದೆ. 500 ಜಿಬಿ ಡಿಸ್ಕ್ ಆದರೆ 12 ಅಂಕಿ, ಮೊದಲನೆಯದು 5 ಅಥವಾ ಅದಕ್ಕೆ ಕೂದಲೆಳೆಯಷ್ಟು ಕಡಿಮೆ.

ಇಲ್ಲಿ ಕಾಣುವುದು ಒಂದು ವಿಭಾಗದ, ಅಂದರೆ ಪಾರ್ಟಿಶನ್‌ನ ಲೆಕ್ಕ. ಲ್ಯಾಪ್‌ಟಾಪಿನ ಸಿ ಡ್ರೈವ್ ಇಡೀ ಡಿಸ್ಕ್ ಅಲ್ಲ. ಇಡೀ ಡಿಸ್ಕ್ ಎಷ್ಟೆಂದು ತಿಳಿಯಲು ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶ ಹಾಕಿಕೊಳ್ಳಿ. ಅದು ಡಬ್ಬದ ಲೆಕ್ಕದಲ್ಲೇ 1000.2 ಜಿಬಿ ಎಂದು ತೋರಿಸುತ್ತದೆ. ಆ 0.2 ತಪ್ಪಲ್ಲ. ಸಾಮಾನ್ಯ 1 ಟಿಬಿ ಡಿಸ್ಕ್‌ನಲ್ಲಿ 512 ಬೈಟಿನ 1,95,35,25,168 ಸೆಕ್ಟರ್, ಅಂದರೆ ಡಿಸ್ಕ್ ಓದಿ ಬರೆಯುವ ಚಿಕ್ಕ ತುಂಡುಗಳು, ಇರುತ್ತವೆ. ಗುಣಿಸಿದರೆ 10,00,20,48,86,016 ಬೈಟ್. ಅಂದರೆ ಹೇಳಿದ್ದಕ್ಕಿಂತ 20 ಕೋಟಿ ಬೈಟ್ ಜಾಸ್ತಿಯೇ ಕೊಟ್ಟಿರುತ್ತಾರೆ.

ಬೇರೆ ಸೈಜುಗಳಿಗೆ ಎಷ್ಟು ತೋರಿಸಬೇಕು?

ಡಬ್ಬದ ಜಿಬಿಯನ್ನು 0.931ರಿಂದ ಗುಣಿಸಿ. ಟಿಬಿಯನ್ನು ಟಿಬಿಯಲ್ಲೇ ನೋಡುವುದಾದರೆ 0.909ರಿಂದ ಗುಣಿಸಿ. ಸಿದ್ಧ ಲೆಕ್ಕ ಬೇಕಾದವರಿಗೆ:

32 ಜಿಬಿ – 29.8 ಜಿಬಿ
64 ಜಿಬಿ – 59.6 ಜಿಬಿ
128 ಜಿಬಿ – 119 ಜಿಬಿ
256 ಜಿಬಿ – 238 ಜಿಬಿ
500 ಜಿಬಿ – 465 ಜಿಬಿ
512 ಜಿಬಿ – 476 ಜಿಬಿ
1 ಟಿಬಿ – 931 ಜಿಬಿ
2 ಟಿಬಿ – 1.81 ಟಿಬಿ
4 ಟಿಬಿ – 3.63 ಟಿಬಿ
8 ಟಿಬಿ – 7.27 ಟಿಬಿ

ಅಳತೆ ದೊಡ್ಡದಾದಷ್ಟೂ ಅಂತರ ಹಿಗ್ಗುತ್ತದೆ. ಎಂಬಿಯಲ್ಲಿ ವ್ಯತ್ಯಾಸ ಶೇ 5ರೊಳಗೆ, ಜಿಬಿಯಲ್ಲಿ ಶೇ 7ರ ಹತ್ತಿರ, ಟಿಬಿಯಲ್ಲಿ ಶೇ 9. ಹಳೆಯ 40 ಜಿಬಿ ಡಿಸ್ಕ್‌ಗಳ ಕಾಲದಲ್ಲಿ 37 ತೋರಿಸಿದಾಗ ಸುಮ್ಮನಿದ್ದವರು 4 ಟಿಬಿಗೆ 3.63 ನೋಡಿ ಗಾಬರಿಯಾಗುವುದು ಇದಕ್ಕೇ. ಪೆನ್‌ಡ್ರೈವ್, ಮೆಮೊರಿ ಕಾರ್ಡ್‌ಗಳಲ್ಲಿ ಸಂಖ್ಯೆ ಇನ್ನೂ ಸ್ವಲ್ಪ ಆಚೀಚೆ ಆಗಬಹುದು. 32 ಜಿಬಿಗೆ 28.9 ಬಂದರೆ ಚಿಂತೆ ಬೇಡ, 14 ಬಂದರೆ ಕೇಳಬೇಕಾದ್ದೇ.

ಫಾರ್ಮ್ಯಾಟ್ ಮಾಡಿದ್ರೆ 70 ಜಿಬಿ ಹೋಗುತ್ತೆ ಅಂತ ಅಂಗಡಿಯಲ್ಲಿ ಹೇಳಿದ್ರು. ನಿಜಾನಾ?

ಈ ಮಾತು ಎಲ್ಲ ಕಡೆ ಓಡಾಡುತ್ತದೆ, ಆದರೆ ನಿಜವಲ್ಲ. ವಿಂಡೋಸ್ ಡಿಸ್ಕ್‌ನಲ್ಲಿ ಫೈಲುಗಳನ್ನು ಜೋಡಿಸುವ ಕ್ರಮವಾದ ಎನ್‌ಟಿಎಫ್‌ಎಸ್‌ನಲ್ಲಿ ಫಾರ್ಮ್ಯಾಟ್ ಮಾಡಿದ ಖಾಲಿ 1 ಟಿಬಿ ಡಿಸ್ಕ್‌ನಲ್ಲಿ ವ್ಯವಸ್ಥೆಗೆಂದು ಹೋಗುವುದು ಕೆಲವು ನೂರು ಎಂಬಿಯೊಳಗೆ. ಯಾವ ಕ್ಲಸ್ಟರ್ (ಜಾಗ ಹಂಚುವ ತುಂಡು) ಖಾಲಿ, ಯಾವುದು ತುಂಬಿದೆ ಎಂಬ ನಕ್ಷೆಗೆ ಸುಮಾರು 30 ಎಂಬಿ, ಬದಲಾವಣೆಗಳ ದಾಖಲೆಗೆ 64 ಎಂಬಿ, ಉಳಿದದ್ದು ಚಿಲ್ಲರೆ. ಖಾಲಿ ಡಿಸ್ಕ್‌ನ ಪ್ರಾಪರ್ಟೀಸ್‌ನಲ್ಲಿ ಯೂಸ್ಡ್ ಸ್ಪೇಸ್ ನೋಡಿದರೆ ನಿಮಗೇ ಕಾಣುತ್ತದೆ. ಫಾರ್ಮ್ಯಾಟ್ ತೆಗೆದರೂ ಆ 69 ಜಿಬಿ ವಾಪಸ್ ಬರುವುದಿಲ್ಲ, ಹೋಗಿದ್ದರೆ ತಾನೇ ಬರುವುದು. ‘ಕಳೆದುಹೋದ ಜಾಗ ಮರಳಿಸುವ’ ತಂತ್ರಾಂಶಕ್ಕೆ ದುಡ್ಡು ಕೊಡಬೇಡಿ.

ಎಲ್ಲರೂ ಒಂದೇ ಲೆಕ್ಕ ಇಟ್ಕೊಂಡಿದ್ರೆ ಆಗ್ತಿರಲಿಲ್ವಾ? ಎರಡು ಲೆಕ್ಕ ಹೇಗೆ ಬಂತು?

ರ‍್ಯಾಮ್‌ನ ಒಳಗೆ ವಿಳಾಸಗಳು ಎರಡರ ಘಾತದಲ್ಲಿ ಬೆಳೆಯುತ್ತವೆ. ಒಂದು ವಿಳಾಸದ ತಂತಿ ಹೆಚ್ಚಾದರೆ ಜಾಗ ಎರಡರಷ್ಟು. ಹಾಗಾಗಿ ಅಲ್ಲಿ 1,024 ಸಹಜ ಸಂಖ್ಯೆ. ಸಾವಿರಕ್ಕೆ ಹತ್ತಿರ ಇದೆಯಲ್ಲ ಎಂದು ಅದನ್ನೇ ಕಿಲೋ ಎಂದು ಕರೆದರು. ಹಾರ್ಡ್ ಡಿಸ್ಕ್‌ನಲ್ಲಿ ಅಂಥ ನಿರ್ಬಂಧ ಇಲ್ಲ. ಎಷ್ಟು ತಟ್ಟೆ, ತಟ್ಟೆಗೆ ಎಷ್ಟು ಸುತ್ತು, ಸುತ್ತಿಗೆ ಎಷ್ಟು ಸೆಕ್ಟರ್ ಎಂಬುದರ ಮೇಲೆ ಮೊತ್ತ ನಿಲ್ಲುತ್ತದೆ. ಐಬಿಎಂ 1956ರಲ್ಲಿ ತಂದ ಮೊದಲ ಡಿಸ್ಕ್ ಯಂತ್ರವನ್ನು 50 ಲಕ್ಷ ಅಕ್ಷರ ಹಿಡಿಯುತ್ತದೆ ಎಂದೇ ಅಳೆದಿದ್ದರು. ಆಮೇಲೂ ಡಿಸ್ಕ್‌ನವರು ಹತ್ತರ ಲೆಕ್ಕ ಬಿಡಲಿಲ್ಲ. ಅದರಿಂದ ಡಬ್ಬದ ಮೇಲೆ ದೊಡ್ಡ ಸಂಖ್ಯೆ ಬರುತ್ತದೆ ಎಂಬ ಅನುಕೂಲವೂ ಇತ್ತು ಅನ್ನಿ.

ತಮಾಷೆಯೆಂದರೆ 1.44 ಎಂಬಿ ಫ್ಲಾಪಿ. ಅದರಲ್ಲಿ ಇದ್ದದ್ದು 14,74,560 ಬೈಟ್. ಹತ್ತರ ಲೆಕ್ಕದಲ್ಲಿ ಅದು 1.47, ಎರಡರ ಲೆಕ್ಕದಲ್ಲಿ 1.41. ಎರಡನ್ನೂ ಕಲಸಿ, 1,000ವನ್ನು 1,024ರಿಂದ ಗುಣಿಸಿ, ಅದನ್ನು ಎಂಬಿ ಎಂದು ಕರೆದಾಗ ಮಾತ್ರ 1.44 ಬರುತ್ತದೆ. 700 ಎಂಬಿ ಸಿಡಿಯದು 1,024ರ ಲೆಕ್ಕ, 4.7 ಜಿಬಿ ಡಿವಿಡಿಯದು 1,000ದ ಲೆಕ್ಕ. ಆ ಡಿವಿಡಿ ವಿಂಡೋಸ್‌ನಲ್ಲಿ 4.38 ಎಂದೇ ಕಾಣುತ್ತದೆ.

1998ರಲ್ಲಿ ಅಂತರರಾಷ್ಟ್ರೀಯ ವಿದ್ಯುತ್‌ತಂತ್ರ ಆಯೋಗ ಎರಡನ್ನೂ ಬೇರ್ಪಡಿಸಿತು: ಸಾವಿರದ ಲೆಕ್ಕಕ್ಕೆ ಮೆಗಾ, ಗಿಗಾ, ಟೆರಾ, 1,024ರ ಲೆಕ್ಕಕ್ಕೆ ಮೆಬಿ, ಗಿಬಿ, ಟೆಬಿ. ಆ ಪ್ರಕಾರ ನಿಮ್ಮ ಡಿಸ್ಕ್ 1,000 ಗಿಗಾಬೈಟ್, ಅದೇ 931 ಗಿಬಿಬೈಟ್. ವಿಂಡೋಸ್ ಇಂದಿಗೂ ಗಿಬಿ ಎಣಿಸಿ ಪಕ್ಕದಲ್ಲಿ ಜಿಬಿ ಎಂದು ಬರೆಯುತ್ತದೆ. ನಮ್ಮ ಲೆಕ್ಕದಲ್ಲಿ ತಪ್ಪು ಡಬ್ಬದ್ದಲ್ಲ, ಪರದೆಯ ಮೇಲಿನ ಆ ಹೆಸರಿನದು.

ಅಮೆರಿಕದಲ್ಲಿ ಇದು ಕೋರ್ಟಿಗೂ ಹೋಗಿತ್ತು. ಗ್ರಾಹಕರು ಹೂಡಿದ ದಾವೆಯಲ್ಲಿ ವೆಸ್ಟರ್ನ್ ಡಿಜಿಟಲ್ 2006ರಲ್ಲಿ ಬ್ಯಾಕಪ್ ತಂತ್ರಾಂಶ ಉಚಿತವಾಗಿ ಕೊಟ್ಟು ರಾಜಿಯಾಯಿತು. 2007ರಲ್ಲಿ ಸೀಗೇಟ್ ಬೆಲೆಯಲ್ಲಿ ಶೇ 5 ಮರಳಿಸಲು ಅಥವಾ ತಂತ್ರಾಂಶ ಕೊಡಲು ಒಪ್ಪಿತು. ಈಗ ಡಬ್ಬದ ಹಿಂಬದಿಯಲ್ಲಿ 1 ಜಿಬಿ ಎಂದರೆ 100 ಕೋಟಿ ಬೈಟ್ ಎಂದು ಇರುವೆಯಂಥ ಅಕ್ಷರದಲ್ಲಿ ಬರೆದಿರುತ್ತದೆ. ಓದಿ.

ಅದೇ ಡಿಸ್ಕ್ ಮ್ಯಾಕ್‌ಗೆ ಹಾಕಿದ್ರೆ 1 ಟಿಬಿ ಅಂತಲೇ ಬರುತ್ತಲ್ಲ?

ಹೌದು. 2009ರ ಸ್ನೋ ಲೆಪರ್ಡ್ ಆವೃತ್ತಿಯಿಂದ ಮ್ಯಾಕ್ ಸಾವಿರದ ಲೆಕ್ಕಕ್ಕೆ ಬಂದಿದೆ. ಲಿನಕ್ಸ್‌ನಲ್ಲಿ ಎರಡೂ ಇವೆ: ಜಾಗ ತೋರಿಸುವ ಡಿಎಫ್ ಕಮಾಂಡಿಗೆ ಸಣ್ಣ ಎಚ್ ಕೊಟ್ಟರೆ 1,024ರ ಲೆಕ್ಕ, ದೊಡ್ಡ ಎಚ್ ಕೊಟ್ಟರೆ 1,000ದ ಲೆಕ್ಕ. ಫೈಲುಗಳಿಗೂ ಇದೇ ಅನ್ವಯ. ಮ್ಯಾಕ್‌ನಲ್ಲಿ ಎಡಿಟ್ ಮಾಡಿದವರು 45 ಜಿಬಿ ಕಳಿಸಿದ್ದೇನೆ ಎಂದರೆ ನಿಮ್ಮ ವಿಂಡೋಸ್‌ನಲ್ಲಿ ಅದು 41.9. ಫೈಲ್ ಅರ್ಧಕ್ಕೆ ನಿಂತಿದೆ ಎಂದು ಮತ್ತೆ ತರಿಸಿಕೊಳ್ಳುವ ಮೊದಲು ಎರಡು ಕಡೆಯೂ ಬೈಟ್ ಸಂಖ್ಯೆ ಹೋಲಿಸಿ.

ಹೊಸ ಲ್ಯಾಪ್‌ಟಾಪಲ್ಲಿ 512 ಜಿಬಿ ಅಂದಿದ್ರು. ಸಿ ಡ್ರೈವ್ 455 ಇದೆ, ಅದರಲ್ಲೂ 60 ಜಿಬಿ ಆಗಲೇ ತುಂಬಿದೆ!

ಇದರಲ್ಲಿ ಮೂರು ಸಂಗತಿ ಸೇರಿಕೊಂಡಿವೆ. 512 ಎಂಬುದು 476 ಆದದ್ದು ಮೇಲೆ ಹೇಳಿದ ಲೆಕ್ಕ. 476ರಿಂದ 455ಕ್ಕೆ ಇಳಿದದ್ದು ಬೇರೆ ಪಾರ್ಟಿಶನ್‌ಗಳಿಂದ. ತುಂಬಿರುವ 60 ಜಿಬಿ ವಿಂಡೋಸ್ ಮತ್ತು ಕಂಪನಿಯವರು ತುಂಬಿ ಕಳಿಸಿದ ತಂತ್ರಾಂಶಗಳು.

ಪಾರ್ಟಿಶನ್ ನೋಡಲು ವಿಂಡೋಸ್ ಕೀ ಜೊತೆ ಎಕ್ಸ್ ಒತ್ತಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಕೆಳಗಿನ ಪಟ್ಟಿಯಲ್ಲಿ 100 ಎಂಬಿಯಿಂದ 260 ಎಂಬಿಯವರೆಗಿನ ಇಎಫ್‌ಐ ಭಾಗ ಕಾಣುತ್ತದೆ, ಕಂಪ್ಯೂಟರ್ ಏಳುವುದೇ ಅಲ್ಲಿಂದ. 16 ಎಂಬಿಯ ಇನ್ನೊಂದು ಭಾಗ ಅಲ್ಲಿ ತೋರುವುದೇ ಇಲ್ಲ. ಜೊತೆಗೆ ವಿಂಡೋಸಿನ ರಿಕವರಿ ಭಾಗ, ಸಾಮಾನ್ಯವಾಗಿ 1 ಜಿಬಿಯೊಳಗೆ. ಕೆಲವು ಕಂಪನಿಗಳು ಇದರ ಮೇಲೆ 10ರಿಂದ 20 ಜಿಬಿಯ ತಮ್ಮದೇ ರಿಕವರಿ ಭಾಗ ಇಟ್ಟಿರುತ್ತವೆ. ಅದನ್ನು ಅಳಿಸಿದರೆ ಜಾಗ ಸಿಗುತ್ತದೆ, ಆದರೆ ಮುಂದೆ ಲ್ಯಾಪ್‌ಟಾಪ್ ಕೈಕೊಟ್ಟಾಗ ಮೊದಲಿನ ಸ್ಥಿತಿಗೆ ತರುವ ದಾರಿಯೂ ಹೋಗುತ್ತದೆ. 15 ಜಿಬಿಗಾಗಿ ಅದು ಬೇಡ ಎನ್ನುವುದು ನಮ್ಮ ಅಭಿಪ್ರಾಯ. ಇಎಫ್‌ಐ ಭಾಗವನ್ನಂತೂ ಮುಟ್ಟಲೇಬೇಡಿ.

ಅಲ್ಲೇ ಕಪ್ಪು ಪಟ್ಟಿಯಡಿ ಅನ್‌ಅಲೊಕೇಟೆಡ್ ಎಂದು ಹತ್ತಾರು ಅಥವಾ ನೂರಾರು ಜಿಬಿ ಕಂಡರೆ ಅದು ನಿಜವಾಗಿಯೂ ಬಳಕೆಯಾಗದೆ ಬಿದ್ದಿರುವ ಜಾಗ. ಅದರ ಎಡಕ್ಕೇ ಸಿ ಡ್ರೈವ್ ಇದ್ದರೆ ಸಿ ಮೇಲೆ ರೈಟ್ ಕ್ಲಿಕ್ ಮಾಡಿ ಎಕ್ಸ್‌ಟೆಂಡ್ ವಾಲ್ಯೂಮ್ ಒತ್ತಿ. ಆ ಆಯ್ಕೆ ಮಸುಕಾಗಿದ್ದರೆ ನಡುವೆ ರಿಕವರಿ ಭಾಗ ಅಡ್ಡ ಕೂತಿದೆ ಎಂದರ್ಥ. ಆಗ ಖಾಲಿ ಜಾಗವನ್ನು ಡಿ ಡ್ರೈವ್ ಮಾಡಿಕೊಳ್ಳುವುದೇ ಸುಲಭ ಮತ್ತು ಸುರಕ್ಷಿತ. ಪಾರ್ಟಿಶನ್‌ಗೆ ಕೈ ಹಾಕುವ ಮೊದಲು ಬಿಟ್‌ಲಾಕರ್, ಅಂದರೆ ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸಿನ ವ್ಯವಸ್ಥೆ, ಚಾಲೂ ಇದೆಯೇ ನೋಡಿ, ಇದ್ದರೆ ಅದರ ರಿಕವರಿ ಕೀ ಬರೆದಿಟ್ಟುಕೊಳ್ಳಿ.

ಸಿ ಒಳಗೆ ತುಂಬಿರುವುದರಲ್ಲಿ ಬೇಕೆಂದೇ ಹಿಡಿದಿಟ್ಟ ಜಾಗವೂ ಇದೆ. ಅಪ್‌ಡೇಟ್‌ಗಳಿಗೆಂದು ವಿಂಡೋಸ್ ಸುಮಾರು 7 ಜಿಬಿ ಕಾಯ್ದಿರಿಸುತ್ತದೆ. ಕಂಪ್ಯೂಟರ್ ನಿದ್ದೆಗೆ ಹೋಗುವಾಗ ತೆರೆದ ಕೆಲಸ ಬರೆದಿಡುವ ಹೈಬರ್ನೇಟ್ ಫೈಲ್ ರ‍್ಯಾಮ್‌ನ ಶೇ 40ರಷ್ಟು, ಅಂದರೆ 16 ಜಿಬಿ ರ‍್ಯಾಮ್ ಇದ್ದರೆ ಸುಮಾರು 6.4 ಜಿಬಿ. ರ‍್ಯಾಮ್ ಸಾಲದಾಗ ಬಳಸುವ ಪೇಜ್ ಫೈಲ್ ಇನ್ನು ಕೆಲವು ಜಿಬಿ. ದೊಡ್ಡ ಅಪ್‌ಡೇಟ್ ಆದ ಮೇಲೆ ಹಳೆಯ ವಿಂಡೋಸ್ ಪ್ರತಿ ಒಂದು ಫೋಲ್ಡರಿನಲ್ಲಿ ಉಳಿಯುತ್ತದೆ, 10 ದಿನಕ್ಕೆ ತಾನಾಗಿ ಅಳಿಯುತ್ತದೆ. ಸೆಟ್ಟಿಂಗ್ಸ್, ಸಿಸ್ಟಂ, ಸ್ಟೋರೇಜ್ ಎಂದು ಹೋದರೆ ಯಾವುದಕ್ಕೆ ಎಷ್ಟು ಎಂಬ ಪಟ್ಟಿಯೇ ಇದೆ. ಟೆಂಪರರಿ ಫೈಲ್ಸ್‌ನಲ್ಲಿ ಅಳಿಸುವ ಮುನ್ನ ಡೌನ್‌ಲೋಡ್ಸ್‌ಗೆ ಟಿಕ್ ಬಿದ್ದಿದೆಯೇ ನೋಡಿ. ಅಲ್ಲಿ ನಿಮ್ಮ ಪಿಡಿಎಫ್‌ಗಳೂ ಇರುತ್ತವೆ.

ಡಿಲೀಟ್ ಮಾಡಿದ್ರೂ ಜಾಗ ವಾಪಸ್ ಬರ್ತಿಲ್ಲ.

ರೀಸೈಕಲ್ ಬಿನ್ ಖಾಲಿ ಮಾಡಿ. ಮಾಡಿದ್ದರೆ ಸಿಸ್ಟಂ ಪ್ರೊಟೆಕ್ಷನ್ ತೆರೆದು ಹಳೆಯ ರಿಸ್ಟೋರ್ ಪಾಯಿಂಟ್‌ಗಳು ಎಷ್ಟು ಹಿಡಿದಿವೆ ನೋಡಿ. ಪೆನ್‌ಡ್ರೈವ್ ಅಥವಾ ಎಕ್ಸ್‌ಟರ್ನಲ್ ಡಿಸ್ಕ್‌ನಲ್ಲಿ ಮ್ಯಾಕ್, ಲಿನಕ್ಸ್‌ನಿಂದ ಅಳಿಸಿದ್ದು ಅದೇ ಡಿಸ್ಕ್‌ನಲ್ಲಿ ಟ್ರ್ಯಾಶ್ ಎಂಬ ಅಡಗಿದ ಫೋಲ್ಡರಿಗೆ ಹೋಗಿ ಕೂರುತ್ತದೆ. ವಿಂಡೋಸ್‌ನಲ್ಲಿ ವ್ಯೂ ಮೆನುವಿನಿಂದ ಹಿಡನ್ ಐಟಂಸ್ ಆನ್ ಮಾಡಿದರೆ ಕಾಣುತ್ತದೆ.

4 ಜಿಬಿ ಫೋಟೋ ಪೆನ್‌ಡ್ರೈವ್‌ಗೆ ಹಾಕಿದ್ರೆ ಹೆಚ್ಚು ಜಾಗ ತಿನ್ನುತ್ತೆ. ಹೇಗೆ?

ಡಿಸ್ಕ್ ಜಾಗವನ್ನು ಬೈಟ್ ಲೆಕ್ಕದಲ್ಲಿ ಹಂಚುವುದಿಲ್ಲ, ಕ್ಲಸ್ಟರ್ ಎಂಬ ತುಂಡುಗಳಲ್ಲಿ ಹಂಚುತ್ತದೆ. ಒಂದು ತುಂಡಿನಲ್ಲಿ ಒಂದೇ ಫೈಲಿಗೆ ಜಾಗ, ಉಳಿದದ್ದು ವ್ಯರ್ಥ. ಎನ್‌ಟಿಎಫ್‌ಎಸ್‌ನಲ್ಲಿ ಸಾಮಾನ್ಯವಾಗಿ ತುಂಡು 4 ಕೆಬಿ. 32 ಜಿಬಿಗಿಂತ ದೊಡ್ಡದನ್ನು ವಿಂಡೋಸ್‌ನಲ್ಲಿ ಎಕ್ಸ್‌ಫ್ಯಾಟ್‌ಗೆ (ಪೆನ್‌ಡ್ರೈವ್‌ಗಳಿಗೆ ಬಳಸುವ ಇನ್ನೊಂದು ಕ್ರಮ) ಫಾರ್ಮ್ಯಾಟ್ ಮಾಡಿದರೆ ತುಂಡು 128 ಕೆಬಿ ಆಗುತ್ತದೆ.

5 ಎಂಬಿಯ ಫೋಟೋಗಳಿಗೆ ಇದು ಲೆಕ್ಕಕ್ಕಿಲ್ಲ. ಆದರೆ 4 ಕೆಬಿಯ ಒಂದು ಲಕ್ಷ ಫೈಲ್ ಇದ್ದರೆ, ಉದಾಹರಣೆಗೆ ಪ್ರಿವ್ಯೂ ಚಿತ್ರಗಳು ಅಥವಾ ಪ್ರಾಜೆಕ್ಟ್ ಕೋಡ್, 400 ಎಂಬಿಯಷ್ಟು ಮಾಹಿತಿಗೆ 12 ಜಿಬಿ ಮೀರಿ ಹೋಗುತ್ತದೆ. ಫೋಲ್ಡರ್‌ನ ಪ್ರಾಪರ್ಟೀಸ್‌ನಲ್ಲಿ ಸೈಜ್ ಮತ್ತು ಸೈಜ್ ಆನ್ ಡಿಸ್ಕ್ ಎರಡನ್ನೂ ಹೋಲಿಸಿದರೆ ನಷ್ಟ ಎಷ್ಟೆಂದು ತಿಳಿಯುತ್ತದೆ. ಪರಿಹಾರ ಸರಳ: ಸಣ್ಣ ಫೈಲುಗಳನ್ನು ಜಿಪ್ ಮಾಡಿ ಒಂದೇ ಫೈಲಾಗಿ ಹಾಕಿ. ಇಲ್ಲವೇ ಫಾರ್ಮ್ಯಾಟ್ ಮಾಡುವಾಗ ಅಲೊಕೇಶನ್ ಯೂನಿಟ್ ಸೈಜ್ 32 ಕೆಬಿ ಆರಿಸಿ.

ಜಾಗ 20 ಜಿಬಿ ಇದೆ, ಆದ್ರೂ ಮದುವೆ ವಿಡಿಯೋ ಕಾಪಿ ಆಗ್ತಿಲ್ಲ.

ಪೆನ್‌ಡ್ರೈವ್ ಫ್ಯಾಟ್32 ಎಂಬ ಹಳೆಯ ಕ್ರಮದಲ್ಲಿದೆ. ಅದರಲ್ಲಿ ಒಂದು ಫೈಲ್ 4 ಜಿಬಿ ದಾಟುವಂತಿಲ್ಲ. ಒಳಗಿರುವುದನ್ನು ಬೇರೆ ಕಡೆ ಇಟ್ಟುಕೊಂಡು ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ. ಗಿರಾಕಿಯ ಹಳೆ ಟಿವಿ ಎಕ್ಸ್‌ಫ್ಯಾಟ್ ಓದದಿದ್ದರೆ ವಿಡಿಯೋವನ್ನು 4 ಜಿಬಿಯೊಳಗಿನ ಭಾಗಗಳಾಗಿ ಮಾಡಿ ಕೊಡಬೇಕಾಗುತ್ತದೆ.

3 ಟಿಬಿ ಡಿಸ್ಕ್ ಹಾಕಿದೆ, 746 ಜಿಬಿ ತೋರಿಸ್ತಿದೆ. ಇದೂ ಆ 1,024ರ ಲೆಕ್ಕನಾ?

ಅಲ್ಲ. ಇದು ನಿಜವಾದ ತೊಂದರೆ. 3 ಟಿಬಿ 2.72 ಟಿಬಿ ಎಂದು ಕಾಣಬೇಕು.

ಪಾರ್ಟಿಶನ್‌ಗಳ ಪಟ್ಟಿ ಬರೆಯುವ ಹಳೆಯ ಎಂಬಿಆರ್ ಪದ್ಧತಿಯಲ್ಲಿ ಸೆಕ್ಟರ್ ಸಂಖ್ಯೆ ಬರೆಯಲು 32 ಬಿಟ್ ಮಾತ್ರ. 512 ಬೈಟಿನ ಸೆಕ್ಟರ್ ಆದರೆ ಗರಿಷ್ಠ 21,99,02,32,55,552 ಬೈಟ್, ಅಂದರೆ ವಿಂಡೋಸ್ ಲೆಕ್ಕದ ಸರಿಯಾದ 2 ಟಿಬಿ. 4 ಟಿಬಿ ಡಿಸ್ಕ್ ಎಂಬಿಆರ್‌ನಲ್ಲಿದ್ದರೆ 2 ಟಿಬಿ ಬಳಕೆಗೆ ಸಿಗುತ್ತದೆ, ಉಳಿದದ್ದು ಅನ್‌ಅಲೊಕೇಟೆಡ್ ಎಂದು ಬಿದ್ದಿರುತ್ತದೆ. 746 ಬಂದರೆ ಹಳೆಯ ಡ್ರೈವರ್ ಅಥವಾ ಹಳೆಯ ಯುಎಸ್‌ಬಿ ಕೇಸ್ ಆ ಮಿತಿ ದಾಟಿ ಎಣಿಸಲಾರದೆ ಮತ್ತೆ ಸೊನ್ನೆಯಿಂದ ಶುರು ಮಾಡಿದೆ ಎಂದರ್ಥ. ಮೊದಲ 2 ಟಿಬಿ ಕಳೆದ ಮೇಲೆ ಮಿಕ್ಕದ್ದು ಅಷ್ಟೇ.

746 ಬಂದವರು ಸ್ಟೋರೇಜ್ ಡ್ರೈವರ್ ಅಪ್‌ಡೇಟ್ ಮಾಡಿ, ಅಥವಾ ಕೇಸ್ ಬದಲಿಸಿ. ಸರಿಯಾಗುವವರೆಗೆ ಆ ಡಿಸ್ಕ್‌ಗೆ ಏನನ್ನೂ ಬರೆಯಬೇಡಿ, ಮೊದಲಿದ್ದ ಮಾಹಿತಿಯ ಮೇಲೆಯೇ ಬರೆದುಬಿಡಬಹುದು. ಎಂಬಿಆರ್ ತೊಂದರೆಗೆ: ಡಿಸ್ಕ್ ಖಾಲಿ ಇದ್ದರೆ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಎಲ್ಲ ಪಾರ್ಟಿಶನ್ ಅಳಿಸಿ, ಎಡಗಡೆ ಡಿಸ್ಕ್ 1 ಎಂದಿರುವ ಚೌಕದ ಮೇಲೆ ರೈಟ್ ಕ್ಲಿಕ್ ಮಾಡಿ, ಕನ್ವರ್ಟ್ ಟು ಜಿಪಿಟಿ (ಹೊಸ ಪದ್ಧತಿ) ಕೊಡಿ. ಮಾಹಿತಿ ಇದ್ದರೆ ಮೊದಲು ಬೇರೆ ಡಿಸ್ಕ್‌ಗೆ ಕಾಪಿ ಮಾಡಿಕೊಳ್ಳಿ.

ಉಬುಂಟು ಇನ್‌ಸ್ಟಾಲ್ ಮಾಡೋಕೆ ಪೆನ್‌ಡ್ರೈವ್ ಮಾಡಿದ್ದೆ. ಈಗ 32 ಜಿಬಿಯದು ಬರೀ 4 ಎಂಬಿ ತೋರಿಸ್ತಿದೆ.

ಪೆನ್‌ಡ್ರೈವ್ ಹಾಳಾಗಿಲ್ಲ. ಇನ್‌ಸ್ಟಾಲರ್ ಬರೆದ ಪಾರ್ಟಿಶನ್‌ಗಳಲ್ಲಿ ವಿಂಡೋಸಿಗೆ ಓದಲು ಬರುವುದು ಒಂದು ಚಿಕ್ಕ ಭಾಗ ಮಾತ್ರ. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನ್ ಆಗಿ ತೆರೆದು ಡಿಸ್ಕ್‌ಪಾರ್ಟ್ ಎಂದು ಕೊಡಿ. ಲಿಸ್ಟ್ ಡಿಸ್ಕ್ ಕೊಟ್ಟಾಗ ಬರುವ ಪಟ್ಟಿಯಲ್ಲಿ 29 ಜಿಬಿ ಆಸುಪಾಸಿನದು ಯಾವ ನಂಬರ್ ನೋಡಿ, ಸೆಲೆಕ್ಟ್ ಡಿಸ್ಕ್ ಎಂದು ಆ ನಂಬರ್ ಕೊಡಿ, ನಂತರ ಕ್ಲೀನ್. ಆಮೇಲೆ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಹೊಸ ವಾಲ್ಯೂಮ್ ಮಾಡಿ. ಕ್ಲೀನ್ ಕೊಟ್ಟರೆ ಮತ್ತೊಮ್ಮೆ ಕೇಳುವುದಿಲ್ಲ, ತಕ್ಷಣ ಪಾರ್ಟಿಶನ್‌ಗಳನ್ನು ಒರೆಸುತ್ತದೆ. ನಂಬರ್ ತಪ್ಪಿದರೆ ಎಕ್ಸ್‌ಟರ್ನಲ್ ಡಿಸ್ಕ್ ಖಾಲಿ. ಬೇರೆ ಡಿಸ್ಕ್‌ಗಳನ್ನು ಬಿಚ್ಚಿಟ್ಟು ಈ ಕೆಲಸ ಮಾಡಿ.

ಎಸ್‌ಎಸ್‌ಡಿ 240, 250, 256 ಅಂತ ಮೂರು ಥರ ಯಾಕಿದೆ?

ಸಾಮಾನ್ಯವಾಗಿ ಮೂರರ ಒಳಗೂ 256 ಗಿಬಿಬೈಟಿನ ಚಿಪ್ಪುಗಳೇ. ಎಸ್‌ಎಸ್‌ಡಿಯ ಈ ಫ್ಲ್ಯಾಶ್ ಚಿಪ್ಪುಗಳಲ್ಲಿ ಒಂದೇ ಜಾಗಕ್ಕೆ ಮತ್ತೆ ಮತ್ತೆ ಬರೆದರೆ ಸವೆಯುತ್ತದೆ. ಬರಹವನ್ನು ಎಲ್ಲ ಕಡೆ ಹರಡಲು, ಸವೆದ ಭಾಗವನ್ನು ಬದಲಿಸಲು ಅದನ್ನು ನಡೆಸುವ ಕಂಟ್ರೋಲರ್‌ಗೆ ಸ್ವಂತದ ಜಾಗ ಬೇಕು. 256 ಎಂದು ಮಾರಿದರೂ ಎರಡು ಲೆಕ್ಕಗಳ ಅಂತರದ ಶೇ 7 ಅದಕ್ಕೆ ಸಿಗುತ್ತದೆ. 240 ಎಂದು ಮಾರಿದರೆ ಇನ್ನಷ್ಟು. ಈ ಜಾಗ ನಿಮಗೆ ಕಾಣುವುದಿಲ್ಲ, ಕಾಣಲೂಬಾರದು.

ಸ್ಟುಡಿಯೋಗೆ ಎಷ್ಟು ಟಿಬಿ ತಗೋಬೇಕು?

ಕಾರ್ಡ್, ಡಿಸ್ಕ್ ಎರಡನ್ನೂ ಡಬ್ಬದ ಸಂಖ್ಯೆಯಲ್ಲೇ ಲೆಕ್ಕ ಹಾಕಿ, ಸಂಖ್ಯೆಗಳನ್ನು ಬೆರೆಸಬೇಡಿ. 64 ಜಿಬಿಯ ತುಂಬಿದ ಕಾರ್ಡ್ 1 ಟಿಬಿ ಡಿಸ್ಕ್‌ನಲ್ಲಿ 15 ಹಿಡಿಯುತ್ತವೆ, 40 ಜಿಬಿ ಉಳಿಯುತ್ತದೆ. 1 ಟಿಬಿ ಎಂದರೆ 1,024 ಜಿಬಿ ತಾನೇ ಎಂದು 16 ಕಾರ್ಡ್ ಲೆಕ್ಕ ಹಾಕಿದವರಿಗೆ ಕೊನೆಯ ಕಾರ್ಡ್ ಹಿಡಿಯುವುದಿಲ್ಲ, ಅಷ್ಟರಲ್ಲಿ ಉಳಿದ ಕಾರ್ಡ್‌ಗಳನ್ನು ಮುಂದಿನ ಮುಹೂರ್ತಕ್ಕೆಂದು ಫಾರ್ಮ್ಯಾಟ್ ಮಾಡಿಯಾಗಿರುತ್ತದೆ.

ವಿಡಿಯೋಗೆ ಕ್ಯಾಮೆರಾದ ಬಿಟ್‌ರೇಟ್ ನೋಡಿ. ಸೆಕೆಂಡಿಗೆ 100 ಮೆಗಾಬಿಟ್ ಎಂದರೆ 12.5 ಮೆಗಾಬೈಟ್, ಗಂಟೆಗೆ 45 ಜಿಬಿ. ಎರಡು ಕ್ಯಾಮೆರಾ, ಆರತಕ್ಷತೆ ಮತ್ತು ಧಾರೆ ಸೇರಿ ತಲಾ 5 ಗಂಟೆ ರೆಕಾರ್ಡಿಂಗ್ ಎಂದುಕೊಂಡರೆ ಒಂದು ಮದುವೆಗೆ 450 ಜಿಬಿ. 2 ಟಿಬಿಯಲ್ಲಿ ಅಂಥ ನಾಲ್ಕು ಮದುವೆ. ಎಡಿಟಿಂಗ್‌ನ ತಾತ್ಕಾಲಿಕ ಫೈಲ್, ಅಂತಿಮ ವಿಡಿಯೋ ಸೇರಿದರೆ ಮೂರು ಎಂದಿಟ್ಟುಕೊಳ್ಳಿ. ಆಲ್ಬಂ ಮುಗಿಯುವವರೆಗೆ ಎರಡನೇ ಪ್ರತಿ ಬೇರೆ ಡಿಸ್ಕ್‌ನಲ್ಲಿ ಇರಬೇಕು, ಹಾಗಾಗಿ ಖರೀದಿ ಯಾವಾಗಲೂ ಜೋಡಿಯಾಗಿ.

ಸಿಸಿಟಿವಿ ಡಿವಿಆರ್‌ನಲ್ಲಿ 1 ಟಿಬಿ ಹಾಕಿದ್ದಾರೆ. ಎಷ್ಟು ದಿನ ಬರುತ್ತೆ?

ಒಂದು ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್‌ನಂತೆ ದಿನವಿಡೀ ಬರೆದರೆ ದಿನಕ್ಕೆ 21.6 ಜಿಬಿ. ನಾಲ್ಕು ಕ್ಯಾಮೆರಾಗೆ 86.4. 1 ಟಿಬಿಯಲ್ಲಿ ಹನ್ನೊಂದೂವರೆ ದಿನ. ಪೂರ್ತಿ 30 ದಿನ ಬೇಕೆಂದರೆ ಸುಮಾರು 2.6 ಟಿಬಿ, ಅಂದರೆ 3 ಟಿಬಿಯ ಡಿಸ್ಕ್. ಡಿವಿಆರ್ ಎಷ್ಟರವರೆಗೆ ಒಪ್ಪುತ್ತದೆ ಎಂದು ಮೊದಲು ಅದರ ಕೈಪಿಡಿ ನೋಡಿ. ರೆಸಲ್ಯೂಶನ್ ಹೆಚ್ಚಾದರೆ ಬಿಟ್‌ರೇಟೂ ಹೆಚ್ಚು. ಚಲನೆ ಇದ್ದಾಗ ಮಾತ್ರ ರೆಕಾರ್ಡ್ ಆಗುವಂತೆ ಇಟ್ಟರೆ ದಿನಗಳು ಹೆಚ್ಚುತ್ತವೆ.

ಡಿವಿಆರ್ ಪರದೆಯಲ್ಲಿ ಉಳಿದ ಜಾಗ 0 ಎಂದು ಕಂಡರೆ ಹೆದರಬೇಡಿ. ತುಂಬಿದ ಮೇಲೆ ಹಳೆಯದರ ಮೇಲೆ ಬರೆಯುತ್ತ ಹೋಗುವುದೇ ಅದರ ಕ್ರಮ, ಓವರ್‌ರೈಟ್ ಆನ್ ಇದ್ದರೆ ಸಾಕು. ಆ ಡಿಸ್ಕ್ ಬಿಚ್ಚಿ ವಿಂಡೋಸಿಗೆ ಹಾಕಿದರೆ ಫಾರ್ಮ್ಯಾಟ್ ಮಾಡಲೇ ಎಂದು ಕೇಳಬಹುದು, ಏಕೆಂದರೆ ಹಲವು ಡಿವಿಆರ್‌ಗಳ ಬರವಣಿಗೆಯ ಕ್ರಮ ವಿಂಡೋಸಿಗೆ ಗೊತ್ತಿಲ್ಲ. ಕ್ಯಾನ್ಸಲ್ ಒತ್ತಿ. ಕಳ್ಳತನದ ದೃಶ್ಯ ಬೇಕಿದ್ದವರು ಅಲ್ಲಿ ಎಸ್ ಒತ್ತಿದರೆ ಸಾಕ್ಷ್ಯ ಕೈಬಿಟ್ಟಂತೆಯೇ.

ಆನ್‌ಲೈನಲ್ಲಿ 2 ಟಿಬಿ ಪೆನ್‌ಡ್ರೈವ್ ಕೆಲವು ನೂರು ರೂಪಾಯಿಗೆ ಸಿಗ್ತಿದೆ. ಕಂಪ್ಯೂಟರಲ್ಲೂ 1.9 ಟಿಬಿ ಅಂತ ತೋರಿಸುತ್ತೆ. ತಗೋಬಹುದಾ?

ಬೇಡ. ಈವರೆಗಿನ ಪ್ರಶ್ನೆಗಳಲ್ಲಿ ನಿಜವಾದ ಮೋಸ ಇದೊಂದೇ, ವಿಪರ್ಯಾಸವೆಂದರೆ ಇಲ್ಲಿ ಪರದೆಯ ಮೇಲೆ ಜಾಗ ಕಡಿಮೆ ಕಾಣುವುದೇ ಇಲ್ಲ. ಒಳಗೆ 32 ಅಥವಾ 64 ಜಿಬಿಯ ಚಿಪ್ ಇರುತ್ತದೆ, ಕಂಟ್ರೋಲರ್‌ನ ತಂತ್ರಾಂಶವನ್ನು ತಿದ್ದಿ 2 ಟಿಬಿ ಎಂದು ಹೇಳಿಸಿರುತ್ತಾರೆ. ಅಸಲಿ ಜಾಗ ತುಂಬುವವರೆಗೆ ಎಲ್ಲ ಸರಿ. ಆಮೇಲೆ ಬರೆದದ್ದು ಹಳೆಯದರ ಮೇಲೆ ಬೀಳುತ್ತದೆ ಇಲ್ಲವೇ ಎಲ್ಲೂ ಉಳಿಯುವುದಿಲ್ಲ. ಫೈಲಿನ ಹೆಸರು ಕಾಣುತ್ತದೆ, ತೆರೆದರೆ ಏನೂ ಇಲ್ಲ.

ಪರೀಕ್ಷೆಗೆ ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ, ಲಿನಕ್ಸ್‌ನಲ್ಲಿ ಎಫ್3 ಎಂಬ ಉಚಿತ ತಂತ್ರಾಂಶಗಳಿವೆ. ಇವು ಡ್ರೈವ್ ತುಂಬ ಬರೆದು ಮತ್ತೆ ಓದಿ ಹೋಲಿಸುತ್ತವೆ. ಸೆಕೆಂಡಿಗೆ 10 ಎಂಬಿ ಬರೆಯುವ ಪೆನ್‌ಡ್ರೈವ್‌ನಲ್ಲಿ 64 ಜಿಬಿ ಬರೆಯಲು ಸುಮಾರು ಒಂದು ಗಂಟೆ ಮುಕ್ಕಾಲು, 2 ಟಿಬಿಗೆ ಎರಡು ದಿನ ಮೀರುತ್ತದೆ. ಪೂರ್ತಿ ಕಾಯುವ ಅಗತ್ಯವಿಲ್ಲ. ಎಚ್2ಟೆಸ್ಟ್‌ಡಬ್ಲ್ಯೂನಲ್ಲಿ 1,00,000 ಎಂಬಿಗೆ ಮಿತಿ ಹಾಕಿ ಬಿಡಿ, ಒಳಗಿರುವುದು 64 ಆಗಿದ್ದರೆ ಅಷ್ಟರಲ್ಲೇ ಸಿಕ್ಕಿಬೀಳುತ್ತದೆ. ಖಾಲಿ ಡ್ರೈವ್ ಮೇಲೆ ಮಾತ್ರ ಮಾಡಿ.

ಬ್ಯಾಡ್ ಸೆಕ್ಟರ್ ಆದ್ರೆ ಸೈಜ್ ಕಡಿಮೆ ಆಗುತ್ತಾ?

ಸಾಮಾನ್ಯವಾಗಿ ಇಲ್ಲ. ಹೇಳಿದ ಜಾಗದ ಆಚೆ ಬದಲಿ ಸೆಕ್ಟರ್‌ಗಳಿರುತ್ತವೆ, ಕೆಟ್ಟದ್ದರ ಕೆಲಸ ಅವಕ್ಕೆ ಹೋಗುತ್ತದೆ. ಹಾಗಾಗಿ ಸೈಜ್ ಸರಿಯಿದೆ ಎಂಬುದು ಡಿಸ್ಕ್ ಆರೋಗ್ಯವಾಗಿದೆ ಎಂಬುದಕ್ಕೆ ಗುರುತಲ್ಲ. ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ ಹಾರ್ಡ್ ಡಿಸ್ಕ್‌ನ 05, ಸಿ5, ಸಿ6 ಸಾಲುಗಳಲ್ಲಿ (ಕೆಟ್ಟ ಸೆಕ್ಟರ್‌ಗಳ ಲೆಕ್ಕ) ಸೊನ್ನೆ ಬಿಟ್ಟು ಬೇರೆ ಸಂಖ್ಯೆ ಇದ್ದು ಅದು ಏರುತ್ತಿದ್ದರೆ ಮೊದಲು ಮಾಹಿತಿ ಕಾಪಿ ಮಾಡಿ. ಡಿಸ್ಕ್ ತಪಾಸಣೆ ಮಾಡುವ ಚೆಕ್‌ಡಿಸ್ಕ್ ಓಡಿಸುವುದು ಆಮೇಲೆ. ಸಾಯುತ್ತಿರುವ ಡಿಸ್ಕ್‌ಗೆ ಗಂಟೆಗಟ್ಟಲೆ ಓದುವ ಕೆಲಸ ಕೊಟ್ಟರೆ ಅಲ್ಲೇ ಮುಗಿಯಬಹುದು.

ಲಿನಕ್ಸ್‌ನಲ್ಲಿ ಅದೇ 1 ಟಿಬಿಗೆ ಇನ್ನೂ ಕಡಿಮೆ ತೋರಿಸುತ್ತೆ.

ಲಿನಕ್ಸಿನ ಫೈಲ್ ಕ್ರಮವಾದ ಎಕ್ಸ್‌ಟಿ4 ಫೈಲ್ ವಿವರಗಳ ಕೋಷ್ಟಕಕ್ಕೆ ಮೊದಲೇ ಶೇ 1.5ರಷ್ಟು ಜಾಗ ತೆಗೆದಿಡುತ್ತದೆ, 1 ಟಿಬಿಗೆ 15 ಜಿಬಿ ಚಿಲ್ಲರೆ. ಅದರ ಮೇಲೆ ಶೇ 5ನ್ನು ರೂಟ್, ಅಂದರೆ ಮುಖ್ಯ ಅಡ್ಮಿನ್ ಬಳಕೆದಾರನಿಗೆ ಮೀಸಲಿಡುತ್ತದೆ, ಅದು ಸುಮಾರು 50 ಜಿಬಿ. ಸಿಸ್ಟಂ ಇರುವ ಪಾರ್ಟಿಶನ್‌ಗೆ ಈ ಮೀಸಲು ಬೇಕು, ಡಿಸ್ಕ್ ತುಂಬಿದಾಗ ಲಾಗಿನ್ ಆಗಲು ಅದೇ ಆಸರೆ. ಬರೀ ಫೈಲ್ ಇಡುವ ಡಿಸ್ಕ್ ಆದರೆ ಟ್ಯೂನ್2ಎಫ್‌ಎಸ್ ಕಮಾಂಡಿಗೆ ಸಣ್ಣ ಎಂ ಆಯ್ಕೆ ಕೊಟ್ಟು 1ಕ್ಕೆ ಇಳಿಸಿ. ಮಾಹಿತಿ ಅಳಿಯುವುದಿಲ್ಲ, 40 ಜಿಬಿ ತಕ್ಷಣ ಸಿಗುತ್ತದೆ.

ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದಾ?

931ಕ್ಕೆ ಕೊಟ್ಟು ಪ್ರಯೋಜನವಿಲ್ಲ, ಡಬ್ಬದ ಮೇಲೆ ಬೈಟ್ ಲೆಕ್ಕ ಬರೆದೇ ಇರುತ್ತದೆ. ನಕಲಿ ಪೆನ್‌ಡ್ರೈವ್, 1 ಟಿಬಿ ಎಂದು ಬಿಲ್ ಹಾಕಿ 500 ಜಿಬಿ ಕೊಟ್ಟಿರುವುದು, ಹಳೆಯ ಡಿಸ್ಕ್‌ಗೆ ಹೊಸ ಸ್ಟಿಕ್ಕರ್ ಅಂಟಿಸಿರುವುದು ಬೇರೆ ಮಾತು. ಬಿಲ್, ಡಬ್ಬ, ಪರೀಕ್ಷೆಯ ಫಲಿತಾಂಶದ ಸ್ಕ್ರೀನ್‌ಶಾಟ್, ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ ಕಾಣುವ ಸೀರಿಯಲ್ ನಂಬರ್ ಮತ್ತು ಒಟ್ಟು ಓಡಿದ ಗಂಟೆ ಇಟ್ಟುಕೊಳ್ಳಿ. ಹೊಸದೆಂದು ಕೊಟ್ಟ ಡಿಸ್ಕ್ ಸಾವಿರಾರು ಗಂಟೆ ಓಡಿದ್ದರೆ ಅದೇ ಪುರಾವೆ. ಮೊದಲು ಮಾರಿದವರನ್ನು ಬರಹದಲ್ಲಿ ಕೇಳಿ, ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅಲ್ಲೂ ಆಗದಿದ್ದರೆ ಮೈಸೂರು, ಮಂಡ್ಯ ಎರಡೂ ಕಡೆ ಜಿಲ್ಲಾ ಗ್ರಾಹಕರ ಆಯೋಗ ಇದೆ. ಬಿಲ್ ಇಲ್ಲದೆ ಕೊಂಡಿದ್ದರೆ ದೂರು ನಿಲ್ಲಿಸುವುದು ಕಷ್ಟ.